ಅಳತೆಗೆ ಇಟ್ಟ ರಕ್ತ

ತೈಪೆ
೧೧ ಮಾರ್ಚ್ ೨೦೧೮

ಬಿಶ್ಯಾ,

ನೀನು ಫೋನಿನಲ್ಲಿ ನನ್ನ ನಂಬರಿಗೆ ಬಾಗಿಲು ಹಾಕಿ ಐದು ವರ್ಷವಾಯಿತು. ಅಂಚೆಯವನಿಗೆ ಹಾಕಲಾರೆ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಹರಿಯುವ ಮೊದಲು ಒಂದು ಸಲ ಓದಿಬಿಡು.

ನಿನ್ನೆ ಆ-ತ್ಸಾಯ್ ಫೋನು ಮಾಡಿದ್ದ. ನಿಮ್ಮ ತಿಂಡಿ ಅಂಗಡಿಯ ಹಿಂದೆ ನಿಂತು ಮಾಡಿದನೆಂದು ಕಾಣುತ್ತದೆ. ನಿನ್ನ ಗಂಡನ ದನಿ ಅಷ್ಟು ಮೆತ್ತಗಿದ್ದುದನ್ನು ನಾನು ಎಂದೂ ಕೇಳಿರಲಿಲ್ಲ. "ಅಕ್ಕಾ, ನಾನು ಹೇಳ್ದೆ ಅಂತ ಅವಳಿಗೆ ಗೊತ್ತಾಗ್ಬಾರ್ದು. ಮೈಯೆಲ್ಲ ನೀಲಿ ಕಲೆ. ಹಲ್ಲುಜ್ಜಿದ್ರೆ ಬಾಯಿ ತುಂಬ ರಕ್ತ. ಸೋಯಾ ಹಾಲಿನ ಪಾತ್ರೆ ಎತ್ತೋಕೆ ಹೋಗಿ ಅಲ್ಲೇ ಕುಸಿದ್ಲು," ಅಂದ. ತೈಚುಂಗ್‌ನ ಆಸ್ಪತ್ರೆಯಲ್ಲಿ ನಿನ್ನ ಮಜ್ಜೆ ತೆಗೆದು ನೋಡಿ, ಒಳಗೆ ರಕ್ತ ತಯಾರಾಗುತ್ತಿಲ್ಲ, ಬರೀ ಕೊಬ್ಬು ಕೂತಿದೆ ಎಂದರಂತೆ.

ಮಜ್ಜೆ ಹೀಗೆ ಬತ್ತುವುದಕ್ಕೆ ಕಾರಣ ಒಂದೇ ಅಲ್ಲ. ಹೆಚ್ಚಿನವರಲ್ಲಿ ದೇಹದ ಕಾವಲಿನ ಕೋಶಗಳೇ ತಿರುಗಿಬಿದ್ದು ಮಜ್ಜೆಯನ್ನು ಹಾಳುಮಾಡುತ್ತವೆ. ಅದಕ್ಕೆ ಔಷಧವಿದೆ. ಕೆಲವರಲ್ಲಿ ಮಾತ್ರ ಹುಟ್ಟಿನಿಂದಲೇ ಒಂದು ಕಿಣ್ವ ಕಡಿಮೆ ಇರುತ್ತದೆ. ಅಂಥವರಿಗೆ ಆ ಔಷಧ ನಾಟುವುದಿಲ್ಲ, ಬೇರೆಯವರ ಮಜ್ಜೆಯೇ ಬೇಕು. ನಾನು ಇಷ್ಟು ವರ್ಷ ಲ್ಯಾಬಿನಲ್ಲಿ ಕೂತು ಅಳೆಯುತ್ತಿರುವುದು ಅದೇ ಕಿಣ್ವವನ್ನು. ಎರಡು ಕೊಳವೆ ರಕ್ತ ಕಳಿಸು. ಯಾವ ದಾರಿ ಹಿಡಿಯಬೇಕೆಂದು ನಿನ್ನ ವೈದ್ಯರಿಗೆ ತಿಳಿಯುತ್ತದೆ. ನನ್ನ ಮೇಲಿನ ಸಿಟ್ಟನ್ನು ರಕ್ತದ ಜೊತೆ ಕಳಿಸಬೇಕಿಲ್ಲ, ಇಟ್ಟುಕೊಂಡಿರು.

ನಿನ್ನ ಅಕ್ಕ,
ಜಿನ್‌ರೂ


ಹುವೆಯ್
೨೦ ಮಾರ್ಚ್ ೨೦೧೮

ಅಕ್ಕ,

ಹರಿದು ಹಾಕಲಿಲ್ಲ. ಎಣ್ಣೆ ಒರೆಸುವುದಕ್ಕೆ ಕಾಗದ ಬೇಕಿತ್ತು, ಇಟ್ಟುಕೊಂಡೆ. ಆಮೇಲೆ ಓದಿದೆ.

ಆ-ತ್ಸಾಯ್ ಹೇಳಿದ್ದು ನನಗೆ ಗೊತ್ತಾಗಬಾರದು ಅಂದರೆ, ಅವನು ಹೇಳಿದ ಅಂತ ಬರೆಯಬಾರದು. ಡಾಕ್ಟರೇಟ್ ಮಾಡಿದವರಿಗೆ ಇಷ್ಟು ತಿಳಿಯುವುದಿಲ್ಲವೆ? ಪಾಪ, ನಿನ್ನ ಕಾಗದ ನನ್ನ ಕೈಯಲ್ಲಿ ನೋಡಿ ಅವನು ಎರಡು ದಿನ ಗೋದಾಮಿನಲ್ಲೇ ಮೂಲಂಗಿ ತುರಿಯುತ್ತ ಕೂತಿದ್ದ.

ಸಿಟ್ಟು ಇಟ್ಟುಕೊಂಡಿರು ಅಂದೆ. ಇಟ್ಟುಕೊಂಡಿದ್ದೇನೆ, ಒಂದು ತುಣುಕೂ ಕಳೆದಿಲ್ಲ. ಅಮ್ಮ ತೀರಿಕೊಂಡ ದಿನ, ಅವಳನ್ನು ಮಲಗಿಸಿದ್ದ ಕೋಣೆಯಲ್ಲಿ, ನೆಂಟರೆಲ್ಲ ಊದುಬತ್ತಿ ಹಿಡಿದು ನಿಂತಿದ್ದಾಗ ನೀನು ಏನೆಂದೆ? "ನಿನ್ನ ಕಾವಲಿ ಹೊಗೆ ಅಮ್ಮನ ಶ್ವಾಸಕೋಶ ತಿಂದುಹಾಕ್ತು. ಅಂಗಡಿ ಮುಚ್ಚು, ಮುಚ್ಚು ಅಂತ ಎಷ್ಟು ಬಡ್ಕೊಂಡೆ." ಚಿಕ್ಕಮ್ಮ ಕೈಯಲ್ಲಿದ್ದ ಹಣ್ಣಿನ ತಟ್ಟೆ ಕೆಳಗಿಟ್ಟಳು. ಕೊನೆಯ ಎರಡು ವರ್ಷ ಅಮ್ಮನನ್ನು ಎದೆಗೆ ಒರಗಿಸಿಕೊಂಡು ಕೂತವಳು ನಾನು. ಹಬ್ಬಕ್ಕೆ ಬಂದು ಸಲಹೆ ಕೊಟ್ಟು ರೈಲು ಹತ್ತಿದವಳು ನೀನು. ದಿನಾ ಬೆಳಗ್ಗೆ ಕಾವಲಿ ಕಾಯಿಸುವಾಗ ಮೊದಲು ಹೊಗೆ ಏಳುತ್ತದೆ, ಹಿಂದೆಯೇ ನಿನ್ನ ಮಾತು ಏಳುತ್ತದೆ. ಆದರೂ ಅಂಗಡಿ ತೆಗೆಯುತ್ತೇನೆ. ಬೇರೆ ಕೆಲಸ ನನಗೆ ಬರುವುದಿಲ್ಲ.

ರಕ್ತ ಕಳಿಸಿದ್ದೇನೆ. ನಿನಗಾಗಿ ಅಲ್ಲ, ಆ-ತ್ಸಾಯ್ ತಲೆ ತಿನ್ನುತ್ತಾನೆ ಅಂತ. ಅದೇನು ಕಿಣ್ವ, ನನಗೆ ಅರ್ಥವಾಗುವ ಹಾಗೆ ಬರೆ. ನನ್ನ ಮೈಯೊಳಗಿನ ಸಂಗತಿ ನನಗಿಂತ ನಿನಗೆ ಹೆಚ್ಚು ಗೊತ್ತಿರುವುದು ನನಗೆ ಸರಿಬೀಳುವುದಿಲ್ಲ.

ಬಿಶ್ಯಾ


ತೈಪೆ
೯ ಏಪ್ರಿಲ್ ೨೦೧೮

ಬಿಶ್ಯಾ,

ಮೊದಲು ಒಳ್ಳೆಯ ಸುದ್ದಿ. ನಿನ್ನ ಕಿಣ್ವ ಸರಿಯಾಗಿದೆ. ಆರೋಗ್ಯವಂತರ ರಕ್ತ ಎಂದು ನಮ್ಮ ಲ್ಯಾಬಿನಲ್ಲಿ ಅಳತೆಗೆ ಇಟ್ಟಿರುವುದರ ಪಕ್ಕದಲ್ಲಿ ನಿನ್ನದನ್ನು ಇಟ್ಟು ನೋಡಿದೆ. ಎರಡೂ ಸರಿಸಮ. ಅನುಮಾನಕ್ಕೆ ಎಡೆಯಿರಬಾರದೆಂದು ಮತ್ತೆ ಮಾಡಿದೆ, ಅದೇ ಬಂತು. ನಿನ್ನನ್ನು ನೋಡುತ್ತಿರುವ ಡಾಕ್ಟರ್ ವೇಯ್ ಅವರಿಗೂ ಬರೆದಿದ್ದೇನೆ. ಅವರು ಕಾವಲಿನ ಕೋಶಗಳನ್ನು ತಣ್ಣಗಾಗಿಸುವ ಔಷಧ ಶುರುಮಾಡುತ್ತಾರೆ. ಅದು ಹಿಡಿಯದಿದ್ದರೆ ಎಂದು ನನ್ನ ಅಂಗಾಂಶವನ್ನೂ ಹೊಂದಿಸಿ ನೋಡಿಸಿದೆ. ಪೂರ್ತಿ ಹೊಂದುತ್ತದೆ. ನನ್ನ ಮಜ್ಜೆ ನಿನಗೆ ಯಾವತ್ತೂ ಸಿದ್ಧ.

ಈಗ ನೀನು ಕೇಳಿದ್ದು. ಪ್ರತಿ ಜೀವಕೋಶದೊಳಗೂ ವರ್ಣತಂತುಗಳಿವೆ. ಕೋಶ ಎರಡಾದಾಗಲೆಲ್ಲ ಅವುಗಳ ತುದಿ ತುಸು ಸವೆಯುತ್ತದೆ. ಸವೆದ ತುದಿಯನ್ನು ಮತ್ತೆ ಕಟ್ಟಿಕೊಡುವುದು ಟೆಲೊಮರೇಸ್ ಎಂಬ ಕಿಣ್ವ. ನಾವು ತಾಯ ಹೊಟ್ಟೆಯಲ್ಲಿದ್ದಾಗ ಅದು ಧಾರಾಳವಾಗಿರುತ್ತದೆ. ಆಮೇಲೆ ಬಹುಪಾಲು ಕೋಶಗಳು ಅದರ ಜೀನಿಗೆ ಬೀಗ ಹಾಕಿಬಿಡುತ್ತವೆ. ರಕ್ತ ತಯಾರಿಸುವ ಮಜ್ಜೆಯ ಮೂಲಕೋಶಗಳಂಥ ಕೆಲವಕ್ಕೆ ಮಾತ್ರ ಬೀಗದ ಕೈ ಇದೆ. ಅವೂ ಹಿಡಿತವಾಗಿ ಬಳಸುತ್ತವೆ, ಅಮ್ಮ ಎಣ್ಣೆ ಡಬ್ಬಿ ಬಳಸುತ್ತಿದ್ದ ಹಾಗೆ. ತುದಿ ಉದ್ದವಿದ್ದರೆ ಅಲ್ಲಿ ಕೂತ ಪ್ರೋಟೀನುಗಳು ಕಿಣ್ವವನ್ನು ಹತ್ತಿರಕ್ಕೆ ಬಿಡುವುದಿಲ್ಲ. ಮೋಟಾದರೆ ಕರೆಯುತ್ತವೆ.

ಇಷ್ಟು ಜಿಪುಣತನ ಏಕೆ ಎನ್ನುತ್ತೀಯ. ಬೀಗ ಮುರಿದ ಕೋಶ ಸಾಯುವುದನ್ನೇ ಮರೆಯುತ್ತದೆ, ಕ್ಯಾನ್ಸರಿಗೆ ಅದೇ ಬೇಕಾದದ್ದು. ಕಡಿಮೆಯಾದರೆ ಮಜ್ಜೆ ಬತ್ತುತ್ತದೆ. ಅತ್ತ ದರಿ, ಇತ್ತ ಪುಲಿ. ಇವುಗಳ ನಡುವೆ ದೇಹ ಹೇಗೆ ನಡೆಯುತ್ತದೆ ಎಂದು ನೋಡುವುದೇ ನನ್ನ ಉದ್ಯೋಗ. ಬಿಳಿ ರಕ್ತಕೋಶಗಳನ್ನು ಕೆಣಕಿದರೆ ಅವು ಕೆಲವು ದಿನ ಬೀಗ ತೆಗೆಯುತ್ತವೆ. ಆಗ ಎಷ್ಟು ಕಿಣ್ವ ಹೊರಬಂತೆಂದು ಅಳೆಯುತ್ತೇವೆ.

ಅಮ್ಮನ ಸಮಾಧಿ ಗುಡಿಸುವ ಹಬ್ಬಕ್ಕೆ ನಾನು ಈ ವರ್ಷವೂ ಬರಲಿಲ್ಲ. ನೀನು ಹುಲ್ಲು ಕೀಳಲು ಬಗ್ಗಿರಬಾರದು ಎಂದು ಆಶಿಸುತ್ತೇನೆ.

ಜಿನ್‌ರೂ


ಹುವೆಯ್
೨೦ ಆಗಸ್ಟ್ ೨೦೧೮

ಅಕ್ಕ,

ಔಷಧ ಹಿಡಿಯಲಿಲ್ಲ.

ಮೊಲದ ರಕ್ತದಿಂದ ತೆಗೆದದ್ದಂತೆ. ಮೂರು ದಿನ ಮೈ ಕೆಂಡವಾಗಿತ್ತು. ಪಕ್ಕದ ಹಾಸಿಗೆಯ ಮುದುಕಿ "ಹೆದ್ರಬೇಡ ಕಣೇ, ಬಾಲ ಬಂದ್ರೆ ಹೇಳ್ತೀನಿ" ಅನ್ನುತ್ತಿದ್ದಳು. ಬಾಲ ಬರಲಿಲ್ಲ, ರಕ್ತವೂ ಬರಲಿಲ್ಲ. ಮುಖ ಮಾತ್ರ ಊದಿ ಹಬೆಯಲ್ಲಿ ಉಬ್ಬಿದ ಬಾವೋಜ್ ಕಡುಬಾಗಿದೆ. ವಾರವಾರ ಬೇರೆಯವರ ರಕ್ತ ಹಾಕಿಸಿಕೊಂಡು ಬರುತ್ತೇನೆ. ಹಾಕಿದ ದಿನ ಮೆಟ್ಟಿಲು ಹತ್ತುತ್ತೇನೆ, ಆಮೇಲೆ ದಿನದಿಂದ ದಿನಕ್ಕೆ ಇಳಿಯುತ್ತೇನೆ. ದಣಿದಿದ್ದೇನೆ ಅಕ್ಕ. ದಣಿದಿದ್ದೇನೆ ಎಂದು ಹೇಳುವುದಕ್ಕೂ ದಣಿವಾಗುತ್ತದೆ.

ಅಂಗಡಿ ಆ-ತ್ಸಾಯ್ ನೋಡಿಕೊಳ್ಳುತ್ತಿದ್ದಾನೆ. ಲಾರಿ ಓಡಿಸಿದ ಕೈ, ಡಾನ್‌ಬಿಂಗ್ ಮೊಟ್ಟೆರೊಟ್ಟಿ ಮಡಿಸುವಾಗಲೂ ಗೇರು ಬದಲಿಸಿದ ಹಾಗೆ ಎಳೆಯುತ್ತಾನೆ. ಮೊಟ್ಟೆ ಒಂದು ಕಡೆ, ಹಾಳೆ ಒಂದು ಕಡೆ. ಶಾಲೆಯ ಮಕ್ಕಳು "ಮಾವ, ಇದು ಯಾವ ಆಕ್ಸಿಡೆಂಟು?" ಅಂತ ಕೇಳಿದವಂತೆ. ಆದರೂ ಬರುತ್ತವೆ.

ಡಾಕ್ಟರ್ ವೇಯ್ ಇನ್ನು ಮಜ್ಜೆಯೇ ದಾರಿ ಅಂದರು. ನಿನ್ನದು ತೆಗೆದುಕೊಳ್ಳುತ್ತೇನೆ. ಬೇಡ ಎನ್ನಬೇಕು ಅಂತ ಬಹಳ ಇತ್ತು. ಆದರೆ ಬೆಳಗ್ಗೆ ಎದ್ದು ಚಪ್ಪಲಿ ಹುಡುಕುವಾಗ, ಇನ್ನೂ ಬದುಕಬೇಕು ಅನ್ನಿಸಿಬಿಡುತ್ತದೆ. ಪ್ರೇತಗಳ ತಿಂಗಳು ಮುಗಿಯಲಿ ಎಂದು ಚಿಕ್ಕಮ್ಮ ಹಟ ಹಿಡಿದಿದ್ದಾಳೆ. "ಈ ತಿಂಗ್ಳಲ್ಲಿ ತಾನಾಗೇ ಆಸ್ಪತ್ರೆಗೆ ನಡ್ಕೊಂಡು ಹೋಗೋರುಂಟಾ? ಹಿಂದೆ ಯಾರ್ಯಾರು ಬರ್ತಾರೋ!" ಡಾಕ್ಟರಿಗೂ ಇದು ಹೊಸದಲ್ಲ, ನಗುತ್ತ ಅಕ್ಟೋಬರ್ ಮೊದಲ ವಾರ ಕೊಟ್ಟರು.

ನಿನ್ನ ರಕ್ತ ನನ್ನ ಮೈಗೆ ಬಂದರೆ ನಾನೂ ಎಲ್ಲರಿಗೂ ಪಾಠ ಹೇಳತೊಡಗುತ್ತೇನೇನೋ ಎಂಬ ಹೆದರಿಕೆ ಆ-ತ್ಸಾಯ್‌ಗೆ ಇದೆ.

ಬಿಶ್ಯಾ


ತೈಪೆ
೧೬ ಸೆಪ್ಟೆಂಬರ್ ೨೦೧೮

ಬಿಶ್ಯಾ,

ಕೂತು ಓದು. ಆ-ತ್ಸಾಯ್ ಪಕ್ಕದಲ್ಲಿರಲಿ.

ನಾನು ನಿನಗೆ ಮಜ್ಜೆ ಕೊಡುವಂತಿಲ್ಲ. ಡಾಕ್ಟರ್ ವೇಯ್ ಅವರಿಗೆ ನಿನ್ನೆಯೇ ಹೇಳಿದ್ದೇನೆ. ನಿನಗೆ ನಾನೇ ಹೇಳಬೇಕೆಂದು ಬೇಡಿಕೊಂಡೆ.

ನಮ್ಮ ಲ್ಯಾಬಿನಲ್ಲಿ ಒಂದು ರೂಢಿ. ರೋಗಿಯ ರಕ್ತವನ್ನು ಹೋಲಿಸಿ ನೋಡಲು ಆರೋಗ್ಯವಂತರ ರಕ್ತ ಬೇಕಲ್ಲ, ಅದಕ್ಕೆ ಹೊರಗಿನವರನ್ನು ಹುಡುಕುವುದಿಲ್ಲ. ನಮ್ಮಲ್ಲೇ ಒಬ್ಬರು ತೋಳು ಚಾಚುತ್ತೇವೆ. ಎಲ್ಲ ಲ್ಯಾಬುಗಳಲ್ಲೂ ಹೀಗೇ ಮಾಡುತ್ತಾರೆ. ನಮ್ಮಲ್ಲಿ ಯಾವಾಗಲೂ ಆ ತೋಳು ನನ್ನದು. ನನ್ನ ನರ ಸುಲಭವಾಗಿ ಸಿಗುತ್ತದೆ, ನಾನು ರಜೆ ಹಾಕುವುದಿಲ್ಲ, ಒಬ್ಬರದೇ ರಕ್ತವಾದರೆ ವರ್ಷ ವರ್ಷಕ್ಕೂ ಹೋಲಿಸಬಹುದು. ಪ್ರೊಫೆಸರ್ ಫಾನ್ ಹೊಸಬರಿಗೆ ನನ್ನನ್ನು ತೋರಿಸಿ "ನಮ್ಮ ಅಳತೆಗೋಲು ಇವಳೇ" ಎನ್ನುತ್ತಿದ್ದರು. ನನಗೆ ಹೆಮ್ಮೆಯಾಗುತ್ತಿತ್ತು.

ಮಜ್ಜೆ ಕೊಡುವ ಮುಂಚೆ ರಕ್ತ ಕೊಡಬಾರದಲ್ಲ. ಅದಕ್ಕೆ ಹೋದ ವಾರ ಡಾಕ್ಟರ್ ತ್ಸೆಂಗ್ ತಮ್ಮ ತೋಳು ಕೊಟ್ಟರು. ಅವರು ನನ್ನ ಪಕ್ಕದ ಮೇಜಿನವರು, ದಪ್ಪ ಮನುಷ್ಯ, ಎರಡು ಹೊತ್ತೂ ಹಂದಿ ಕಾಲಿನ ಅನ್ನ ಉಣ್ಣುವವರು. ಅವರ ಕಿಣ್ವ ನಮ್ಮ ಸಾಮಾನ್ಯದ ಎರಡರಷ್ಟು ಬಂತು. ಎಲ್ಲರೂ ನಕ್ಕೆವು. ನಾನೇ, "ತ್ಸೆಂಗ್ ಅವ್ರೇ, ಎಲ್ಲಾದ್ರೂ ಗಡ್ಡೆಗಿಡ್ಡೆ ಇದೆಯಾ ನೋಡಿಸ್ಕೊಳ್ಳಿ" ಅಂದೆ. ಅವರು ಹೊಟ್ಟೆ ತಟ್ಟಿಕೊಂಡು, "ಇದೆಯಲ್ಲ, ಇದೇ" ಅಂದರು. ತಮಾಷೆಗೆ ಪ್ರೊಫೆಸರ್ ಫಾನ್ ಅವರದ್ದನ್ನೂ ನೋಡಿದೆವು. ಅದೂ ಎರಡರಷ್ಟು. ಆಫೀಸಿನ ಹುಡುಗಿಯದ್ದೂ ಅಷ್ಟೇ. ಆಮೇಲೆ ಯಾರೂ ನಗಲಿಲ್ಲ. ತ್ಸೆಂಗ್ ನನ್ನ ಮುಖ ನೋಡಲಾರದೆ ಕನ್ನಡಕ ಒರೆಸತೊಡಗಿದರು.

ಅವರದು ಹೆಚ್ಚಲ್ಲ. ನನ್ನದು ಅರ್ಧ.

ಜೀನ್ ಓದಿಸಿದೆವು. ಟೆಲೊಮರೇಸ್ ಜೀನು ಎಲ್ಲರಿಗೂ ಎರಡು ಇರುತ್ತದೆ, ತಾಯಿಯಿಂದೊಂದು, ತಂದೆಯಿಂದೊಂದು. ನನ್ನಲ್ಲಿ ಒಂದು ಕೆಟ್ಟಿದೆ. ನಿನ್ನ ರಕ್ತ ಉಳಿದಿತ್ತು, ಅದರಲ್ಲೂ ಅದೇ ಜಾಗದಲ್ಲಿ ಅದೇ ಕೆಡುಕು. ಬೇರೆ ಜೀನುಗಳಾದರೆ ಒಂದು ಕೈಕೊಟ್ಟರೆ ಇನ್ನೊಂದು ಸಂಭಾಳಿಸುತ್ತದೆ. ಇದರಲ್ಲಿ ಕೋಶ ಮೊದಲೇ ಜಿಪುಣತನದಲ್ಲಿ ನಡೆಯುತ್ತದೆ, ಅರ್ಧ ಸಾಲುವುದಿಲ್ಲ.

ಸ್ವಂತ ತಂಗಿಯ ರಕ್ತವನ್ನು ನನ್ನ ರಕ್ತದ ಪಕ್ಕ ಇಟ್ಟು ಅಳೆಯಬಾರದೆಂದು ಮೊದಲ ವರ್ಷದ ವಿದ್ಯಾರ್ಥಿಗೂ ಹೊಳೆಯುತ್ತದೆ. ನನಗೆ ಹೊಳೆಯಲಿಲ್ಲ. ಆ ಕೊಳವೆಯ ಮೇಲೆ ನನ್ನ ಹೆಸರಿರಲಿಲ್ಲ, "ಸಾಮಾನ್ಯ" ಎಂದು ಬರೆದಿತ್ತು. ನಾನು ಸರಿ ಎಂದು ಬರೆದುಕೊಟ್ಟದ್ದಕ್ಕೆ ನೀನು ಆ ಮೊಲದ ಔಷಧ ಹಾಕಿಸಿಕೊಂಡೆ, ಅಷ್ಟು ತಿಂಗಳು ಕಳೆದೆ. ನಾನು ಎರಡು ಸಲ ಅಳೆದೆ, ಬಿಶ್ಯಾ. ಎರಡು ಸಲವೂ ಎಷ್ಟು ಎಚ್ಚರವಾಗಿ ಅಳೆದೆ!

ಅಮ್ಮನ ತಲೆ ಇಪ್ಪತ್ತೆಂಟಕ್ಕೇ ಬೆಳ್ಳಗಾಗಿತ್ತು. ನೀನೂ ನಾನೂ ಅದಕ್ಕೂ ಮುಂಚೆಯೇ ಬಣ್ಣ ಹಚ್ಚತೊಡಗಿದವರು. ಅಕಾಲದ ನರೆ ಈ ಕಾಯಿಲೆಯ ಮೊದಲ ಗುರುತು ಎಂದು ನಾನೇ ವರ್ಷಕ್ಕೊಮ್ಮೆ ತರಗತಿಯಲ್ಲಿ ಪರದೆಯ ಮೇಲೆ ತೋರಿಸುತ್ತೇನೆ, ಬಣ್ಣ ಹಚ್ಚಿದ ತಲೆ ಹೊತ್ತು. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ನಾನು ಆ ಕತ್ತಲೆಯಲ್ಲೇ ಸಂಬಳ ತೆಗೆದುಕೊಂಡೆ.

ಇನ್ನೊಂದು ಮಾತು. ಈ ಕಿಣ್ವ ಕಡಿಮೆಯಿದ್ದವರಲ್ಲಿ ಕೆಲವರಿಗೆ ಮಜ್ಜೆ ಬತ್ತುತ್ತದೆ, ಕೆಲವರಿಗೆ ಶ್ವಾಸಕೋಶ ಗಟ್ಟಿಯಾಗುತ್ತದೆ. ಅಮ್ಮನಿಗೆ ಆದದ್ದು ಅದು. ಅದು ಅಮ್ಮ ಹುಟ್ಟುವಾಗಲೇ ತಂದದ್ದು. ನಿನ್ನ ಕಾವಲಿಯದಲ್ಲ. ನಾನು ಹೇಳಿದ್ದು ತಪ್ಪು.

ಜಿನ್‌ರೂ


ತೈಪೆ
೨೨ ಅಕ್ಟೋಬರ್ ೨೦೧೮

ಬಿಶ್ಯಾ,

ನೀನು ಬರೆಯಲಿಲ್ಲ. ಬರೆಯಬೇಕೆಂದು ಕೇಳುತ್ತಿಲ್ಲ. ನೀನು ಗಂಜಿ ಕುಡಿಯುತ್ತಿದ್ದೀಯ, ಮಾತು ಮಾತ್ರ ಆಡುತ್ತಿಲ್ಲ ಎಂದು ಆ-ತ್ಸಾಯ್ ಹೇಳಿದ. ಈ ಸಲ ಅವನ ಹೆಸರು ಬೇಕೆಂದೇ ಬರೆದಿದ್ದೇನೆ. ಅವನನ್ನು ಬೈಯುವುದಕ್ಕಾದರೂ ಬಾಯಿ ತೆಗೆ.

ದಾನಿಗಳ ನೋಂದಣಿ ಕಚೇರಿಗೆ ನಿನ್ನ ಹೆಸರು ಹೋಗಿದೆ. ಸಿಕ್ಕಿದ ಇಬ್ಬರಲ್ಲಿ ಒಬ್ಬರಿಗೆ ಹೆಪಟೈಟಿಸ್, ಇನ್ನೊಬ್ಬರು ಮನೆಯವರು ಒಪ್ಪುವುದಿಲ್ಲ ಎಂದು ಹಿಂದೆಗೆದರು. ಹುಡುಕುತ್ತಿದ್ದಾರೆ. ಅಲ್ಲಿಯವರೆಗೆ ಒಂದು ಮಾತ್ರೆ ಇದೆ, ಗಂಡಸರ ಹಾರ್ಮೋನಿನಂಥದ್ದು. ಕೋಶದಲ್ಲಿ ಉಳಿದಿರುವ ಒಂದು ಒಳ್ಳೆಯ ಜೀನನ್ನು ಅದು ಒತ್ತಿ ದುಡಿಸುತ್ತದೆ. ಡಾಕ್ಟರ್ ವೇಯ್ ಅವರಿಗೆ ಬರೆದಿದ್ದೇನೆ. ನಾನು ಬರೆದದ್ದನ್ನು ಈಗ ಅವರು ಇನ್ನೊಬ್ಬರಲ್ಲಿ ಕೇಳಿ ಖಚಿತಪಡಿಸಿಕೊಳ್ಳುತ್ತಾರೆ. ಅದು ಸರಿ.

ಇಲ್ಲಿನ ಹಣ್ಣಿನ ಅಂಗಡಿಯಲ್ಲಿ ಚಕ್ಕೋತ ರಾಶಿ ಬಿದ್ದಿತ್ತು, ಒಂದು ಪೆಟ್ಟಿಗೆ ಕಳಿಸಿದ್ದೇನೆ. ನೀನು ತಿನ್ನಕೂಡದು, ಮಾತ್ರೆಗಳಿಗೆ ಆಗುವುದಿಲ್ಲ. ಮೂಸಿ ನೋಡು.

ಜಿನ್‌ರೂ


ಹುವೆಯ್
೯ ಡಿಸೆಂಬರ್ ೨೦೧೮

ಅಕ್ಕ,

ತಿನ್ನಕೂಡದ ಹಣ್ಣನ್ನು ಪೆಟ್ಟಿಗೆಗಟ್ಟಲೆ ಕಳಿಸುವವಳು ಭೂಮಿಯ ಮೇಲೆ ನೀನೊಬ್ಬಳೇ.

ನಿನ್ನ ಸೆಪ್ಟೆಂಬರಿನ ಕಾಗದ ಓದಿದ ದಿನ, ನಿನಗೆ ಶಾಪ ಹಾಕೋಣ ಅಂತಲೇ ಮಾಜು ದೇವಿಯ ಗುಡಿಗೆ ಹೋದೆ. ಆ-ತ್ಸಾಯ್ ಬೆನ್ನ ಮೇಲೆ ಹೊತ್ತುಕೊಂಡು ಹೋದ. ಅಲ್ಲಿ ಕೂತು ಏನು ಶಾಪ ಹಾಕಬೇಕು ಅಂತ ಯೋಚಿಸಿದೆ. ಇವಳಿಗೆ ಕಾಯಿಲೆ ಬರಲಿ ಅನ್ನಬೇಕು, ಆಗಲೇ ಬಂದಿದೆ. ಇವಳ ಓದು ಹಾಳಾಗಲಿ ಅನ್ನಬೇಕು, ಅದೂ ಆಗಿದೆ. ದೇವಿಗೆ ಕೆಲಸವೇ ಉಳಿದಿರಲಿಲ್ಲ. ಊದುಬತ್ತಿ ಹಚ್ಚಿ ಬಂದೆ.

ಆಮೇಲೆ ಎರಡು ತಿಂಗಳು ಮಾತಾಡಲಿಲ್ಲವಲ್ಲ, ಅದು ಮಜ್ಜೆ ತಪ್ಪಿತು ಅಂತ ಅಲ್ಲ. ಕಾಗದದ ಕೊನೆಯಲ್ಲಿ, ಹಾಲಿನವನಿಗೆ ಚೀಟಿ ಬರೆದ ಹಾಗೆ ಮೂರು ಸಾಲು ಬರೆದಿದ್ದೀಯಲ್ಲ, ನಿನ್ನ ಕಾವಲಿಯದಲ್ಲ ಅಂತ, ಅದನ್ನು ಓದಿ. ಅಕ್ಕ, ಅಮ್ಮ ಹೋದ ಮೇಲೆ ಅಂಗಡಿಯ ಗೋಡೆಗಳನ್ನು ನಾನು ಎಷ್ಟು ಉಜ್ಜಿದ್ದೇನೆ ಅಂತ ನಿನಗೆ ಗೊತ್ತಿಲ್ಲ. ಯಾರಾದರೂ ಗಿರಾಕಿ ಕೆಮ್ಮಿದರೆ ಎದೆ ಹಾರುತ್ತಿತ್ತು. ನೀನು ಹೇಳಿದ್ದು ಸುಳ್ಳು ಅಂತ ಜಗಳವಾಡುತ್ತಲೇ ಇದ್ದೆ, ಆದರೆ ನಂಬಿದ್ದೆ. ನೀನು ಓದಿದವಳು, ಅದಕ್ಕೆ ನಂಬಿದೆ. ಕಾಗದ ಓದಿ ಅತ್ತೆ. ಆ-ತ್ಸಾಯ್ ಹೆದರಿ ಆಂಬುಲೆನ್ಸ್ ಕರೆದುಬಿಟ್ಟ.

ಸಿಟ್ಟು ಹೋಗಿಲ್ಲ. ಅದನ್ನು ಮೂರು ಸಾಲಿನಲ್ಲಿ ಬರೆದೆಯಲ್ಲ ಅಂತ ಹೊಸ ಸಿಟ್ಟು ಬಂದಿದೆ.

ಒಂದು ಕೇಳುತ್ತೇನೆ. ನಿನ್ನ ರಕ್ತದ ಪಕ್ಕ ಇಟ್ಟು "ಸರಿಯಾಗಿದೆ" ಅನ್ನಿಸಿಕೊಂಡವಳು ನಾನೊಬ್ಬಳೇ ಏನು? ಇಷ್ಟು ವರ್ಷ ಎಷ್ಟು ಜನರ ರಕ್ತ ನಿಮ್ಮಲ್ಲಿಗೆ ಬಂತು? ಅವರಿಗೆಲ್ಲ ಯಾರು ಹೇಳುತ್ತಾರೆ? ನೀನು ನನಗೆ ಬರೆದ ಹಾಗೆ ಅವರಿಗೂ ಬರೆ. ಮೂರು ಸಾಲಿನಲ್ಲಿ ಅಲ್ಲ.

ಮಾತ್ರೆ ನುಂಗುತ್ತಿದ್ದೇನೆ. ವಾರಕ್ಕೊಂದು ಸಲ ಹಾಕಿಸುತ್ತಿದ್ದ ರಕ್ತ ಈಗ ಹದಿನೈದು ದಿನಕ್ಕೆ ಹೋಗಿದೆ. ದನಿ ಒಡೆದಿದೆ, ಮೀಸೆ ಚಿಗುರುತ್ತಿದೆ. ಮೊನ್ನೆ ಫೋನಿನಲ್ಲಿ ಹಿಟ್ಟಿನ ಅಂಗಡಿಯವನು ನನಗೆ "ಅಣ್ಣಾ, ಯಜಮಾನ್ತಿ ಇಲ್ವಾ?" ಅಂದ. ಒಂದು ಮೂಟೆ ಹೆಚ್ಚು ಹಾಕು ಅಂತ ಗದರಿದೆ. ಹೆದರಿ ಕಳಿಸಿದ.

ಬಿಶ್ಯಾ


ತೈಪೆ
೧೭ ಮಾರ್ಚ್ ೨೦೧೯

ಬಿಶ್ಯಾ,

ದಾನಿ ಸಿಕ್ಕಿದ ಸುದ್ದಿ ನನಗಿಂತ ಮೊದಲು ನಿನಗೆ ಮುಟ್ಟಿದೆ ಎಂದು ಗೊತ್ತು. ಆದರೂ ಬರೆಯುವ ಸುಖ ನನಗಿರಲಿ. ಗಂಡಸು, ಇಪ್ಪತ್ತಾರು ವರ್ಷ. ಇಷ್ಟೇ ಹೇಳುತ್ತಾರೆ. ಅವನಿಗೆ ನಮ್ಮ ಜೀನಿನ ಕೆಡುಕಿಲ್ಲವೆಂದು ನೋಡಿದ್ದಾರೆ. ಈ ಸಲ ಅಳೆದವರು ನಾವಲ್ಲ.

ಕಸಿಗೆ ಮುಂಚೆ ಹಳೆಯ ಮಜ್ಜೆಯನ್ನು ಸುಡಲು ವಿಷ ಕೊಡುತ್ತಾರಲ್ಲ, ಅದನ್ನು ನಿನಗೆ ತೀರ ಕಡಿಮೆ ಮಾಡುತ್ತಾರೆ. ಎಲ್ಲರಿಗೂ ಕೊಡುವಷ್ಟು ಕೊಟ್ಟಿದ್ದರೆ ನಮ್ಮಂಥವರ ಶ್ವಾಸಕೋಶ ತಡೆಯುತ್ತಿರಲಿಲ್ಲವಂತೆ. ಅಕ್ಟೋಬರಿನಲ್ಲಿ ನಡೆದುಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರ್ ವೇಯ್ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನೀನು ಹೇಳಿದ ಕೆಲಸ ಮಾಡುತ್ತಿದ್ದೇನೆ. ನಮ್ಮ ಲೇಖನಗಳನ್ನು ಹಿಂದಕ್ಕೆ ಪಡೆಯುತ್ತಿದ್ದೇವೆ. "ಒಂದು ತಿದ್ದುಪಡಿ ಹಾಕಿದ್ರೆ ಸಾಕಲ್ವಾ?" ಎಂದರು ಪ್ರೊಫೆಸರ್ ಫಾನ್. "ಅಳತೆಗೋಲೇ ಮೋಟಾಗಿದ್ದಾಗ ಅಳೆದ ಬಟ್ಟೆನ ಹೇಗೆ ತಿದ್ತೀರಿ?" ಎಂದೆ. ಅವರು, ನಿವೃತ್ತಿಗೆ ಒಂದೇ ವರ್ಷವಿತ್ತು ಎಂದರು. ಆಮೇಲೆ ಸಹಿ ಹಾಕಿದರು. ನನಗೆ ಅಯ್ಯೋ ಅನ್ನಿಸಿತು.

ಸರಿಯಾಗಿದೆ ಎಂದು ಹೇಳಿ ಕಳಿಸಿದವರ ಮನೆಗಳಿಗೆ ಒಂದೊಂದಾಗಿ ಫೋನು ಮಾಡುತ್ತೇನೆ. ಕೆಲವರು ಬೈಯುತ್ತಾರೆ, ಅದು ಸುಲಭ. ಪಿಂಗ್‌ತುಂಗ್‌ನ ಒಬ್ಬ ಮುದುಕ ಎಲ್ಲ ಕೇಳಿಸಿಕೊಂಡು, "ನನ್ನ ಮಗ ಹೋಗಿ ಎರಡು ವರ್ಷ ಆಯ್ತಮ್ಮಾ. ಈಗ ಯಾಕೆ ಹೇಳ್ತೀಯ?" ಅಂದ. "ಇನ್ನೊಬ್ಬ ಮಗನ್ನ ಪರೀಕ್ಷೆ ಮಾಡಿಸ್ಬೇಕು, ಅದಕ್ಕೆ," ಅಂದೆ. ಆ ಮಗನ ಫೋನ್ ನಂಬರು ಹೇಳಿದ. ಆಮೇಲೆ, "ನೀನು ಊಟ ಮಾಡಿದ್ಯಾ? ದನಿ ಸೋತಿದೆ," ಅಂದ. ಫೋನಿಟ್ಟ ಮೇಲೆ ಆ ದಿನ ಬೇರೆ ಕೆಲಸ ಮಾಡಲಾಗಲಿಲ್ಲ.

ನಿನಗೆ ಮಕ್ಕಳಿಲ್ಲ, ನನಗೆ ಮದುವೆಯೇ ಇಲ್ಲ. ಈ ಜೀನು ನಮ್ಮಲ್ಲೇ ಮುಗಿಯುತ್ತದೆ, ಅಷ್ಟಾದರೂ ಆಯಿತು.

ನಾನು ಚೆನ್ನಾಗಿದ್ದೇನೆ. ಚಳಿಗೆ ಸ್ವಲ್ಪ ಒಣಕೆಮ್ಮು. ಲ್ಯಾಬಿನ ಲಿಫ್ಟ್ ಕೆಟ್ಟಿದೆ, ಮೆಟ್ಟಿಲು ಹತ್ತಿ ಹೋಗುತ್ತೇನೆ. ಮೂರನೇ ಮಹಡಿಯ ಕಿಟಕಿಗೆ ಬೂರುಗದ ಮರ ಕಾಣುತ್ತದೆ, ಎಲೆಯೇ ಇಲ್ಲದೆ ಕೆಂಪು ಹೂ. ದಿನಾ ಅಲ್ಲಿ ನಿಂತು ನೋಡುತ್ತೇನೆ. ನೀನು ಕಸಿಯ ಕೋಣೆಗೆ ಹೋಗುವ ಮುಂಚೆ ಈ ಕಾಗದ ಸಿಗಲಿ.

ಜಿನ್‌ರೂ


ಹುವೆಯ್
೧೪ ಜುಲೈ ೨೦೧೯

ಅಕ್ಕ,

ಬದುಕಿದ್ದೇನೆ. ಆ ಹುಡುಗನ ಮಜ್ಜೆ ಕಚ್ಚಿಕೊಂಡಿದೆ. ಮನೆಗೆ ಬಂದು ಮೂರು ವಾರವಾಯಿತು. ನನ್ನ ರಕ್ತದ ಗುಂಪು ಕೂಡ ಬದಲಾಯಿತು, ಈಗ ನಾನು ಬಿ. "ಬಿ ಗುಂಪಿನೋರು ಹಟಮಾರಿಗಳಂತೆ," ಅಂತ ಚಿಕ್ಕಮ್ಮ ತಲೆ ಚಚ್ಚಿಕೊಂಡಳು. "ಮೊದ್ಲಿಗೂ ಈಗ್ಗೂ ಏನು ವ್ಯತ್ಯಾಸ?" ಅಂದ ಆ-ತ್ಸಾಯ್. ಆಸ್ಪತ್ರೆ ಕೋಣೆಯ ಗಾಜಿನ ಆಚೆ ನಿಂತು ದಿನಾ ಕೈಯಾಡಿಸುತ್ತ ಅತ್ತವನು, ಈಗ ಹೀಗೆ.

ನಿನ್ನ ಕಾಗದವನ್ನು ಆ ಕೋಣೆಯಲ್ಲಿ ಓದಿದೆ. ನರ್ಸು ಅದನ್ನೂ ಒರೆಸಿ ಶುದ್ಧಮಾಡಿ ಕೊಟ್ಟಿದ್ದಳು. ಬೇರೆ ಕೆಲಸವಿಲ್ಲ, ದಿನಾ ಓದಿದೆ. ಮೊದಲು ದಾನಿಯ ವಿಷಯ ಓದುತ್ತಿದ್ದೆ, ಆಮೇಲೆ ಪಿಂಗ್‌ತುಂಗ್ ಮುದುಕನದ್ದು. ಕೊನೆಕೊನೆಗೆ ಬರೀ ಬೂರುಗದ ಮರದ್ದೇ ಓದುತ್ತಿದ್ದೆ.

ಅಕ್ಕ, ನೀನು ಹುಟ್ಟಿದಾರಭ್ಯ ಯಾವ ಮರವನ್ನೂ ನಿಂತು ನೋಡಿದವಳಲ್ಲ.

ಅಮ್ಮನೂ ಹೀಗೇ ಮಾಡುತ್ತಿದ್ದಳು. ಇನ್ನೂ ಕಾಯಿಲೆ ಅಂತ ಯಾರೂ ಹೇಳಿರಲಿಲ್ಲ. ಮಾಜು ಗುಡಿಯ ಮೆಟ್ಟಿಲ ನಡುವೆ ನಿಂತುಬಿಡುತ್ತಿದ್ದಳು. "ತಾಳೇ, ಈ ಕಲ್ಲಿನ ಸಿಂಹದ ಮುಖ ಎಷ್ಟು ಚೆನ್ನಾಗಿದೆ ನೋಡು," ಅನ್ನುತ್ತಿದ್ದಳು. ಸಂತೆಯಲ್ಲಿ ನಿಂತು ಬೇಡದ ಬಟ್ಟೆ ನೋಡುತ್ತಿದ್ದಳು. ಸೇತುವೆ ಮೇಲೆ ನಿಂತು ನೀರು ನೋಡುತ್ತಿದ್ದಳು. ವಯಸ್ಸಾದ ಮೇಲೆ ಅಮ್ಮನಿಗೆ ಎಷ್ಟು ಆಸೆ ಹುಟ್ಟಿದೆ ಅಂತ ನನಗೆ ಖುಷಿಯಾಗುತ್ತಿತ್ತು. ಒಂದು ಸಲವೂ ಅಮ್ಮನ ಮುಖ ನೋಡಲಿಲ್ಲ. ಅವಳು ತೋರಿಸಿದ ಸಿಂಹವನ್ನೇ ನೋಡಿದೆ.

ಅದಕ್ಕೇ ಈ ಸಲ ನಾನು ಮರ ನೋಡಲಿಲ್ಲ. ತ್ಸೆಂಗ್ ಅವರಿಗೆ ಫೋನು ಮಾಡಿದೆ. ಪಾಪ, ಒಳ್ಳೆಯ ಮನುಷ್ಯ, ಸುಳ್ಳು ಹೇಳಲು ಬರುವುದಿಲ್ಲ. "ಅವ್ರು ನಿಮಗೆ ಹೇಳ್ಬೇಡ ಅಂದಿದ್ರು," ಅಂದು ಎಲ್ಲ ಹೇಳಿಬಿಟ್ಟರು. ನಿನ್ನ ಎದೆಯ ಸ್ಕ್ಯಾನ್ ಜನವರಿಯಲ್ಲೇ ಆಗಿತ್ತಂತೆ, ಅಮ್ಮನಿಗೆ ಆದದ್ದೇ ನಿನಗೂ ಶುರುವಾಗಿದೆಯಂತೆ. ನನಗೆ ಕಸಿ ಮುಗಿಯಲಿ ಅಂತ ಬಾಯಿ ಮುಚ್ಚಿಕೊಂಡಿದ್ದೆಯಂತೆ. ಲಿಫ್ಟೂ ಕೆಟ್ಟಿಲ್ಲವಂತೆ. ಎಷ್ಟು ಮಹಡಿ ಹತ್ತಬಲ್ಲೆ ಅಂತ ನೀನೇ ನಿನ್ನನ್ನು ಅಳೆಯುತ್ತಿದ್ದೆಯಂತೆ.

ಅಳೆದದ್ದು ಸಾಕು.

ನನ್ನ ಮೈಯಲ್ಲಿ ಈಗ ಒಳ್ಳೆಯ ರಕ್ತ ಇದೆ, ಯಾರದೋ. ಅದರಲ್ಲಿ ನಿನಗೆ ಕೊಡುವಂಥದ್ದು ಏನೂ ಇಲ್ಲ, ನನಗೆ ಗೊತ್ತು. ಡಾಕ್ಟರ್ ವೇಯ್ ಅವರನ್ನೂ ಕೇಳಿದೆ. ಆದರೆ ಈ ಕಾಯಿಲೆಯವರನ್ನು ಹೇಗೆ ನೋಡಿಕೊಳ್ಳಬೇಕು ಅಂತ ನಿಮ್ಮ ಲ್ಯಾಬಿನಲ್ಲಿ ಯಾರಿಗೂ ಗೊತ್ತಿಲ್ಲ, ನನಗೆ ಗೊತ್ತು. ಯಾವ ಪಕ್ಕಕ್ಕೆ ಒರಗಿದರೆ ಉಸಿರು ಸುಲಭ, ಗಂಜಿ ಎಷ್ಟು ತೆಳ್ಳಗಿರಬೇಕು, ಮಾತಾಡಿಸಬಾರದ ಹೊತ್ತು ಯಾವುದು, ಎಲ್ಲ ಗೊತ್ತು. ಅಮ್ಮನಿಗೆ ಮಾಡಿ ಕಲಿತದ್ದು. ಅದು ಯಾರಿಗೂ ಬೇಡದ ವಿದ್ಯೆ ಅಂದುಕೊಂಡಿದ್ದೆ.

ನೀನು ಬೇಡ ಅನ್ನುತ್ತೀಯ. ನಾನೂ ನಿನ್ನ ಮಜ್ಜೆ ಬೇಡ ಅನ್ನಬೇಕು ಅಂತಿದ್ದೆ, ಆಗಲಿಲ್ಲ. ಹಾಗೇ ನಿನಗೂ ಆಗದಿರಲಿ.

ಆ-ತ್ಸಾಯ್ ಶನಿವಾರ ಲಾರಿ ತೆಗೆದುಕೊಂಡು ಬರುತ್ತಾನೆ. ಪುಸ್ತಕ ಎಷ್ಟಾದರೂ ತುಂಬು. ಮೆಟ್ಟಿಲು ಹತ್ತುವುದು ಬೇಡ ಅಂತ ನಿನ್ನ ಹಾಸಿಗೆಯನ್ನು ಕೆಳಗಿನ ಕೋಣೆಯಲ್ಲಿ ಹಾಸಿದ್ದೇನೆ.

ನಿನ್ನ ತಂಗಿ,
ಬಿಶ್ಯಾ